ಮುನ್ನೂರು ರೂಪಾಯಿಯ ಮಲ್ಟಿಮೀಟರ್: ಕರಾವಳಿಯ ಒಂದು ಮಳೆಗಾಲ ಕಳೆದ ಮೇಲೆ

ಕಳೆದ ವರ್ಷದ ಜುಲೈ ಮೊದಲ ವಾರದಲ್ಲಿ ಮಂಗಳೂರಿನ ಹಂಪನಕಟ್ಟೆಯ ಒಂದು ಇಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸುಮಾರು 300 ರೂಪಾಯಿ ಕೊಟ್ಟು ಅಂಗೈ ಅಗಲದ ಹಳದಿ ಬಣ್ಣದ ಒಂದು ಡಿಜಿಟಲ್ ಮಲ್ಟಿಮೀಟರ್, ಅಂದರೆ ವೋಲ್ಟ್, ಆಂಪಿಯರ್, ಓಮ್‌ಗಳನ್ನು ಅಳೆಯುವ ಸಾಧನ, ಕೊಂಡೆ. ಬೇರೆ ಬೇರೆ ಹೆಸರುಗಳಲ್ಲಿ, ಆದರೆ ಹೆಚ್ಚುಕಡಿಮೆ ಒಂದೇ ರೂಪದಲ್ಲಿ ದೇಶದ ಎಲ್ಲ ಊರುಗಳಲ್ಲಿಯೂ ಸಿಗುವ, ಐಟಿಐ ವಿದ್ಯಾರ್ಥಿಗಳ ಚೀಲದಲ್ಲಿ ಸಾಮಾನ್ಯವಾಗಿ ಕಾಣುವ ಮೀಟರ್ ಇದು. ಇದನ್ನು ಸುರತ್ಕಲ್ಲಿನ ನಮ್ಮ ಮನೆಯ ಹತ್ತು ವರ್ಷ ಹಳೆಯ ಪೆಟ್ರೋಲ್ ಕಾರು, ಮಗಳ ಸ್ಕೂಟರ್ ಮತ್ತು ನೆರೆಮನೆಯವರ ಇನ್ನೊಂದು ಕಾರು, ಹೀಗೆ ಮೂರು ವಾಹನಗಳ ಮೇಲೆ ಸುಮಾರು ಒಂದು ವರ್ಷ ಬಳಸಿ ನೋಡಿದ ಬಳಿಕ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನಾನು ಇಲೆಕ್ಟ್ರಿಷಿಯನ್ ಅಲ್ಲ. ಶಾಲೆಯಲ್ಲಿ ಕಲಿತ ಓಮನ ನಿಯಮವೊಂದನ್ನು ಬಿಟ್ಟರೆ ವಿದ್ಯುತ್ತಿನ ವಿಷಯದಲ್ಲಿ ನನಗೆ ಬೇರೆ ತಿಳಿವಳಿಕೆ ಇರಲಿಲ್ಲ. ನನ್ನಂತೆಯೇ ಹೊಸತಾಗಿ ಬಾನೆಟ್ ತೆರೆಯುವವರಿಗೆ ಈ ಸಾಧನವು ಎಷ್ಟರ ಮಟ್ಟಿಗೆ ಉಪಯೋಗಕ್ಕೆ ಬರುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ತಿಳಿಸುವುದು ನನ್ನ ಉದ್ದೇಶ.

ಕೊಳ್ಳಲು ಕಾರಣವಾದ ಪ್ರಸಂಗವನ್ನು ಮೊದಲು ಹೇಳಬೇಕು. ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ನಮ್ಮ ಕಾರು ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ. ಕೀ ತಿರುಗಿಸಿದರೆ 'ಟಕ್' ಎಂಬ ಒಂದು ಶಬ್ದ ಬಂದು ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗುತ್ತಿದ್ದವು. ನಗರದ ಒಂದು ಗ್ಯಾರೇಜಿನವರು ಬಂದು ನೋಡಿ, ಯಾವ ಅಳತೆಯನ್ನೂ ಮಾಡದೆ, ಬ್ಯಾಟರಿ ಹೋಗಿದೆ ಎಂದು ಹೇಳಿ ಹೊಸದನ್ನು ಹಾಕಿಕೊಟ್ಟರು. ಕಾರು ಸ್ಟಾರ್ಟ್ ಆಯಿತು, ನಾವು ಹಣ ಕೊಟ್ಟೆವು. ಮೂರು ವಾರ ಕಳೆಯುವುದರೊಳಗೆ ಅದೇ ಬೆಳಗು, ಅದೇ ಮಳೆ, ಅದೇ 'ಟಕ್'. ಎರಡನೆಯ ಸಲ ಅದೇ ಗ್ಯಾರೇಜಿನವರು ಸೆಲ್ಫ್ ಮೋಟಾರ್ (ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಸ್ಟಾರ್ಟರ್) ಬದಲಿಸಬೇಕು ಎಂದಾಗ, ಹಳೆಯ ಬ್ಯಾಟರಿ ನಿಜವಾಗಿ ಕೆಟ್ಟಿತ್ತೇ ಎಂಬ ಪ್ರಶ್ನೆ ನನ್ನಲ್ಲಿ ಎದ್ದಿತು. ಅದಕ್ಕೆ ಉತ್ತರಿಸಬಲ್ಲ ಒಂದೇ ಒಂದು ಅಂಕಿಯೂ ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ. ಮೀಟರ್ ಕೊಂಡದ್ದು ಅದರ ಮರುದಿನ.

ಡಬ್ಬಿಯೊಳಗೆ ಮೀಟರ್, ತುದಿಯಲ್ಲಿ 'ಪ್ರೋಬ್' ಎಂಬ ಲೋಹದ ಮೊನೆ ಇರುವ ಕೆಂಪು ಮತ್ತು ಕಪ್ಪು ಬಣ್ಣದ ಎರಡು ತಂತಿಗಳು, ಒಂದು 9 ವೋಲ್ಟಿನ ಸೆಲ್ ಹಾಗೂ ಬಹಳ ಸಣ್ಣ ಅಕ್ಷರಗಳಲ್ಲಿ ಅಚ್ಚಾದ ಒಂದು ಹಾಳೆ ಇದ್ದವು. ಮಧ್ಯದ ದೊಡ್ಡ ಗುಂಡಿಯ ಸುತ್ತ ಇಪ್ಪತ್ತರಷ್ಟು ಗುರುತುಗಳಿರುವುದನ್ನು ಕಂಡು ಹೊಸಬರು ಹೆದರುವುದು ಸಹಜ. ಆದರೆ ವಾಹನದ ಕೆಲಸಕ್ಕೆ ಅವುಗಳಲ್ಲಿ ನೂರಕ್ಕೆ ತೊಂಬತ್ತು ಪಾಲು ಬೇಕಾಗುವುದು ಒಂದೇ ಗುರುತು: ಡಿಸಿ (ಬ್ಯಾಟರಿಯಿಂದ ಬರುವ ಏಕಮುಖ ವಿದ್ಯುತ್) ವೋಲ್ಟೇಜಿನ 20 ಎಂಬ ಶ್ರೇಣಿ. ಕಪ್ಪು ತಂತಿಯನ್ನು COM (ಕಾಮನ್) ಎಂದು ಬರೆದಿರುವ ರಂಧ್ರಕ್ಕೆ, ಕೆಂಪು ತಂತಿಯನ್ನು ವೋಲ್ಟ್ ಮತ್ತು ಓಮ್ ಗುರುತುಗಳಿರುವ ರಂಧ್ರಕ್ಕೆ ಸಿಕ್ಕಿಸಿ, ಗುಂಡಿಯನ್ನು ಆ 20ಕ್ಕೆ ತಿರುಗಿಸಿಟ್ಟರೆ 12 ವೋಲ್ಟಿನ ಯಾವ ವಾಹನವನ್ನೂ ಅಳೆಯಬಹುದು. ಪರದೆಯ ಮೇಲೆ ಎರಡು ದಶಮಾಂಶ ಸ್ಥಾನಗಳವರೆಗೆ ಅಂಕಿ ಮೂಡುತ್ತದೆ. ನಾನು ಆ ಗುರುತಿನ ಪಕ್ಕದಲ್ಲಿ ಉಗುರುಬಣ್ಣದ ಒಂದು ಚುಕ್ಕೆ ಇಟ್ಟಿದ್ದೇನೆ.

ಮೊದಲ ಅಳತೆ ಬ್ಯಾಟರಿಯದು. ವಾಹನದ ಸೀಸ-ಆಮ್ಲದ ಬ್ಯಾಟರಿಯಲ್ಲಿ ಸುಮಾರು 2.1 ವೋಲ್ಟಿನ ಆರು ಕೋಶಗಳು ಸಾಲಾಗಿ ಜೋಡಣೆಯಾಗಿರುವುದರಿಂದ, ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ವಿಶ್ರಾಂತಿಯಲ್ಲಿದ್ದ ಬ್ಯಾಟರಿ 12.6 ವೋಲ್ಟ್ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ತೋರಿಸಬೇಕು. 12.4 ಎಂದರೆ ಮುಕ್ಕಾಲು ಪಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಪಾಲು ಮಾತ್ರ ಉಳಿದಿದೆ ಎಂದು ಸ್ಥೂಲವಾಗಿ ತಿಳಿಯಬಹುದು. ಹೊಸಬರಿಗೆ ಇಲ್ಲಿ ಅಚ್ಚರಿಯಾಗುವ ಸಂಗತಿಯೆಂದರೆ, 12 ವೋಲ್ಟಿನ ಬ್ಯಾಟರಿ ಎಂದು ಕರೆಯುವ ವಸ್ತು ಸರಿಯಾಗಿ 12 ತೋರಿಸಿದರೆ ಅದು ಬಹುತೇಕ ಖಾಲಿಯಾಗಿದೆ ಎಂದೇ ಅರ್ಥ. ಆದ್ದರಿಂದ ದಶಮಾಂಶದ ಬಳಿಕದ ಅಂಕಿಯೇ ಮುಖ್ಯ, ಅದನ್ನು ಈ ಅಗ್ಗದ ಮೀಟರ್ ಸರಿಯಾಗಿ ಹೇಳುತ್ತದೆಯೇ ಎಂಬ ಸಂದೇಹ ನನಗೂ ಇತ್ತು. ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಬಂಧುವೊಬ್ಬರು ತಮ್ಮ ದುಬಾರಿ ಮೀಟರನ್ನು ತಂದು ಪಕ್ಕದಲ್ಲಿಟ್ಟು ಅಳೆದಾಗ ಅದು 12.61 ಎಂದಿತು, ನನ್ನದು 12.58 ಎಂದಿತು. ಈ ಕೆಲಸಕ್ಕೆ ಇಷ್ಟು ನಿಖರತೆ ಧಾರಾಳವಾಗಿ ಸಾಕು.

ಕಾರು ಓಡಿಸಿ ನಿಲ್ಲಿಸಿದ ಕೂಡಲೇ ಅಳೆಯಬಾರದು; ಆಗಷ್ಟೇ ಚಾರ್ಜ್ ಆದ ಬ್ಯಾಟರಿ ತನ್ನ ನಿಜವಾದ ಸ್ಥಿತಿಗಿಂತ ಹೆಚ್ಚಿನ ಅಂಕಿ ತೋರಿಸುತ್ತದೆ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಅಳೆಯುವುದು ಉತ್ತಮ, ಅದಾಗದಿದ್ದರೆ ಹೆಡ್‌ಲೈಟನ್ನು ಒಂದೆರಡು ನಿಮಿಷ ಉರಿಸಿ, ಆರಿಸಿ, ಸ್ವಲ್ಪ ಕಾದು ಅಳೆಯಬೇಕು. ಎಂಜಿನ್ ಚಾಲೂ ಮಾಡಿದ ಮೇಲೆ ಅದೇ ಎರಡು ಟರ್ಮಿನಲ್‌ಗಳ ಮೇಲೆ 13.8ರಿಂದ 14.5ರವರೆಗಿನ ಅಂಕಿ ಬಂದರೆ ಆಲ್ಟರ್ನೇಟರ್ (ಎಂಜಿನ್ನಿನಿಂದ ತಿರುಗಿ ವಿದ್ಯುತ್ ಉತ್ಪಾದಿಸುವ ಯಂತ್ರ) ಚಾರ್ಜ್ ಮಾಡುತ್ತಿದೆ ಎಂದು ತಿಳಿಯಬೇಕು. ನಮ್ಮ ಕಡೆ ಹಳಬರು ಈಗಲೂ ಅದನ್ನು ಡೈನಮೋ ಎಂದೇ ಕರೆಯುತ್ತಾರೆ. 12.5ರಲ್ಲಿಯೇ ನಿಂತಿದ್ದರೆ ಅದು ಚಾರ್ಜ್ ಮಾಡುತ್ತಿಲ್ಲ. 15 ದಾಟಿದರೆ ಆ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದ್ದು, ಬ್ಯಾಟರಿಯ ನೀರು ಕುದಿದು ಆರಿಹೋಗುವ ಅಪಾಯವಿದೆ. ಆದರೆ ಇತ್ತೀಚಿನ ಹಲವು ಕಾರುಗಳಲ್ಲಿ ಇಂಧನ ಉಳಿಸಲೆಂದು ಕಂಪ್ಯೂಟರೇ ಚಾರ್ಜಿಂಗನ್ನು ಏರಿಸಿ ಇಳಿಸುವುದರಿಂದ, ಅಂಥ ಕಾರುಗಳಲ್ಲಿ ಒಂದು ಸಲ ಕಂಡ ಕಡಿಮೆ ಅಂಕಿಯಿಂದ ಗಾಬರಿಯಾಗದೆ ಹೆಡ್‌ಲೈಟ್, ಫ್ಯಾನ್ ಎಲ್ಲವನ್ನೂ ಹಾಕಿ ಮತ್ತೊಮ್ಮೆ ನೋಡಬೇಕು.

ಮೂರನೆಯದು ಸೆಲ್ಫ್ ಹೊಡೆಯುವಾಗಿನ ಅಂಕಿ. ಆರೋಗ್ಯವಾಗಿರುವ ಬ್ಯಾಟರಿ ಆಗ 10ರ ಆಸುಪಾಸಿಗೆ ಇಳಿದು ಕೂಡಲೇ ಮೇಲೇಳುತ್ತದೆ, 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯನ್ನೇ ಸಂಶಯಿಸಬೇಕು. ಈ ಮೀಟರಿನ ಪರದೆ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಬದಲಾಗುವುದರಿಂದ ಅತ್ಯಂತ ಕೆಳಗಿನ ಅಂಕಿ ಕಣ್ಣಿಗೆ ಬೀಳದೆ ಹೋಗಬಹುದು. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರೆ ಅಂಕಿಗಳನ್ನು ಬಳಿಕ ನಿಧಾನವಾಗಿ ನೋಡಬಹುದು, ಆದರೆ ಪರದೆ ತೋರಿಸದೆ ಬಿಟ್ಟದ್ದು ವಿಡಿಯೊದಲ್ಲಿಯೂ ಇರುವುದಿಲ್ಲ.

ನಮ್ಮ ಕಾರಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಮೀಟರಿನ ನಿಜವಾದ ಬೆಲೆ ನನಗೆ ತಿಳಿದದ್ದು ಆ ಬೆಳಿಗ್ಗೆ. ವಿಶ್ರಾಂತಿಯಲ್ಲಿ ಬ್ಯಾಟರಿ 12.62 ತೋರಿಸಿತು. ಮಗಳು ಚಾಲಕರ ಸೀಟಿನಲ್ಲಿ ಕುಳಿತು "ಅಮ್ಮಾ, ತಿರುಗಿಸಲಾ?" ಎಂದು ಕೇಳಿ ಕೀ ತಿರುಗಿಸಿದಳು. 'ಟಕ್' ಎಂಬ ಅದೇ ಶಬ್ದ. ಆದರೆ ಬ್ಯಾಟರಿಯ ಮೇಲಿನ ಅಂಕಿ 11.8ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಅಂದರೆ ಬ್ಯಾಟರಿ ಕೊಡಲು ಸಿದ್ಧವಾಗಿತ್ತು, ಆದರೆ ಸೆಲ್ಫ್ ಮೋಟಾರಿಗೆ ಅದು ತಲುಪುತ್ತಿರಲಿಲ್ಲ. ಆಗ ನಾನು ಕಪ್ಪು ಪ್ರೋಬನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಅಂದರೆ ಕೇಬಲ್ಲನ್ನು ಬಿಗಿದಿರುವ ಕ್ಲ್ಯಾಂಪಿನ ಮೇಲಲ್ಲ, ಕ್ಲ್ಯಾಂಪಿನ ನಡುವೆ ಕಾಣುವ ಸೀಸದ ಮೇಲೆಯೇ ಒತ್ತಿಹಿಡಿದು, ಕೆಂಪು ಪ್ರೋಬನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹದ ಒಂದು ಮೂಲೆಗೆ ಒತ್ತಿ ಮಗಳಿಗೆ ಮತ್ತೊಮ್ಮೆ ತಿರುಗಿಸಲು ಹೇಳಿದೆ. ಈ ಎರಡು ಜಾಗಗಳನ್ನು ಕರೆಂಟ್ ಬ್ಯಾಟರಿಗೆ ಮರಳುವ ದಪ್ಪನೆಯ ಅರ್ತ್ ಕೇಬಲ್ ಜೋಡಿಸಿರುವುದರಿಂದ, ಎಲ್ಲವೂ ಸರಿಯಿದ್ದರೆ ಅವುಗಳ ನಡುವೆ ಸೆಲ್ಫ್ ಹೊಡೆಯುವಾಗಲೂ 0.2 ವೋಲ್ಟಿಗಿಂತ ಹೆಚ್ಚು ಕಾಣಬಾರದು. ಪರದೆಯ ಮೇಲೆ 3.42 ಎಂದು ಬಂದಿತು. ಸೆಲ್ಫ್ ಮೋಟಾರನ್ನು ತಿರುಗಿಸಬೇಕಾಗಿದ್ದ ಮೂರೂವರೆ ವೋಲ್ಟ್ ದಾರಿಯಲ್ಲಿಯೇ ಕರಗಿಹೋಗುತ್ತಿತ್ತು.

ಕೆಂಪು ಪ್ರೋಬನ್ನು ಎಂಜಿನ್ನಿನಿಂದ ತೆಗೆದು ಅರ್ತ್ ದಾರಿಯುದ್ದಕ್ಕೂ ಒಂದೊಂದೇ ಹೆಜ್ಜೆ ಬ್ಯಾಟರಿಯ ಕಡೆಗೆ ತರುತ್ತಾ ಹೋದೆ. ನೆಗೆಟಿವ್ ಕೇಬಲ್ಲು ಕಾರಿನ ಬಾಡಿಗೆ ಬೋಲ್ಟ್ ಆಗಿರುವ ಜಾಗದಲ್ಲಿ, ಬೋಲ್ಟಿನ ಪಕ್ಕದ ತಗಡಿನ ಮೇಲೆ ಇಟ್ಟಾಗ 3.3 ಎಂದಿತು, ಅದೇ ಬೋಲ್ಟಿನ ಕೆಳಗಿರುವ ಕೇಬಲ್ಲಿನ ತಾಮ್ರದ ಕಿವಿಯ ಮೇಲೆ ಇಟ್ಟಾಗ 0.08 ಎಂದಿತು. ಎರಡು ಜಾಗಗಳ ನಡುವಿನ ಅಂತರ ಒಂದು ಸೆಂಟಿಮೀಟರ್ ಕೂಡ ಇಲ್ಲ. ನೆಗೆಟಿವ್ ಟರ್ಮಿನಲ್ ಕಳಚಿ, 10 ಎಂಎಂ ಸ್ಪ್ಯಾನರಿನಿಂದ ಆ ಬೋಲ್ಟ್ ಬಿಚ್ಚಿದಾಗ ಹೊರಗಿನಿಂದ ಒಂದಿಷ್ಟೂ ಸುಳಿವು ಕೊಡದಿದ್ದ ಆ ಜೋಡಣೆಯ ಒಳಗೆ, ತಗಡಿನ ಕಡೆ ಕಂದು ತುಕ್ಕಿನ ಪದರವೂ ಕಿವಿಯ ಕಡೆ ಹಸಿರು ಕಿಲುಬೂ ಒಂದಕ್ಕೊಂದು ಅಂಟಿಕೊಂಡು ಬಿಲ್ಲೆಯಂತೆ ಗಟ್ಟಿಯಾಗಿದ್ದುದು ಕಂಡಿತು. ಸ್ಯಾಂಡ್ ಪೇಪರಿನಿಂದ ಎರಡೂ ಕಡೆ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದ ಮೇಲೆ ಸೆಲ್ಫ್ ಹೊಡೆದರೆ ಎಂಜಿನ್ ತಕ್ಷಣ ಎದ್ದಿತು. ಅರ್ತ್ ದಾರಿಯ ಮೇಲಿನ ಅಂಕಿ 0.12ಕ್ಕೆ ಇಳಿಯಿತು, ಬ್ಯಾಟರಿಯ ಮೇಲಿನ ಅಂಕಿ 10.4ಕ್ಕೆ ಇಳಿದು ಮೇಲೇರಿತು. ಬ್ಯಾಟರಿಯ ಅಂಕಿ ಮೊದಲಿಗಿಂತ ಕೆಳಗಿಳಿದದ್ದು ಒಳ್ಳೆಯ ಲಕ್ಷಣ, ಏಕೆಂದರೆ ಈಗ ಅದು ನಿಜವಾಗಿ ಕೆಲಸ ಮಾಡುತ್ತಿದೆ. ಮೊದಲ ಸಲ ಹೊಸ ಬ್ಯಾಟರಿಗೆ ಕಾರು ಎದ್ದದ್ದಕ್ಕೂ ಕಾರಣ ಸುಲಭವಾಗಿ ಊಹಿಸಬಹುದಾದದ್ದೇ: ಹೊಸದನ್ನು ಕೂರಿಸುವಾಗ ಕೇಬಲ್ಲನ್ನು ಅತ್ತಿತ್ತ ಎಳೆದಾಡಿದ್ದರಿಂದ ಆ ಜೋಡಣೆ ಕೆಲವು ದಿನಗಳ ಮಟ್ಟಿಗೆ ಸ್ವಲ್ಪ ಕೂಡಿಕೊಂಡಿತ್ತು.

ಇಲ್ಲಿ ಬೀಪ್ ಶಬ್ದದ ಬಗ್ಗೆ ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿದೆ. ಹೊಸಬರು ಮೀಟರ್ ಕೊಂಡ ಕೂಡಲೇ ಕಲಿಯುವುದು ಕಂಟಿನ್ಯುಟಿ ಪರೀಕ್ಷೆಯನ್ನು. ತಂತಿಯ ಎರಡು ತುದಿಗಳನ್ನು ಮುಟ್ಟಿಸಿದಾಗ ಬೀಪ್ ಎಂದರೆ ತಂತಿ ಸರಿಯಾಗಿದೆ ಎಂದು ಅವರು ತಿಳಿಯುತ್ತಾರೆ. ಬೋಲ್ಟ್ ಬಿಚ್ಚುವ ಮೊದಲು ನಾನು ಅದನ್ನೂ ಮಾಡಿ ನೋಡಿದ್ದೆ. ನೆಗೆಟಿವ್ ಕೇಬಲ್ಲನ್ನು ಬ್ಯಾಟರಿಯಿಂದ ಕಳಚಿ, ಅದರ ತುದಿಗೂ ಎಂಜಿನ್ನಿಗೂ ನಡುವೆ ಪರೀಕ್ಷಿಸಿದಾಗ ಮೀಟರ್ ಜೋರಾಗಿ ಬೀಪ್ ಎಂದಿತು. ಆ ಬೀಪನ್ನು ನಂಬಿದ್ದರೆ ನಾನು ಸೆಲ್ಫ್ ಮೋಟಾರ್ ಬದಲಿಸಲು ಒಪ್ಪುತ್ತಿದ್ದೆ. ಕಾರಣ ಸರಳವಾಗಿದೆ. ಬೀಪ್ ಪರೀಕ್ಷೆಯಲ್ಲಿ ಮೀಟರ್ ಹರಿಸುವ ಕರೆಂಟ್ ಒಂದೆರಡು ಮಿಲಿ ಆಂಪಿಯರ್ ಮಾತ್ರ. ಹಲವು ಎಳೆಗಳ ಕೇಬಲ್ಲಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅದು ಸಲೀಸಾಗಿ ಹಾದುಹೋಗುತ್ತದೆ. ಸೆಲ್ಫ್ ಮೋಟಾರಿಗಾದರೋ ನೂರು ಆಂಪಿಯರ್ ಮೀರಿದ ಕರೆಂಟ್ ಬೇಕು. ಜೋಡಣೆಯಲ್ಲಿ ಕೇವಲ 0.01 ಓಮಿನ ಅಡ್ಡಿ ಇದ್ದರೂ 100 ಆಂಪಿಯರಿಗೆ ಅಲ್ಲಿ 1 ವೋಲ್ಟ್ ನಷ್ಟವಾಗುತ್ತದೆ, ಆದರೆ ಈ ಮೀಟರಿನ ಓಮ್ ಶ್ರೇಣಿಯಲ್ಲಿ ಅತಿ ಸಣ್ಣ ಅಂಕಿಯೇ 0.1 ಓಮ್, ಎರಡು ಪ್ರೋಬ್‌ಗಳನ್ನು ಒಂದಕ್ಕೊಂದು ಮುಟ್ಟಿಸಿದರೂ ನನ್ನ ಮೀಟರ್ 0.6 ಎಂದು ತೋರಿಸುತ್ತದೆ. ಹೀಗಾಗಿ ದಪ್ಪ ಕೇಬಲ್ಲುಗಳ ದೋಷವನ್ನು ಓಮಿನಲ್ಲಿ ಹುಡುಕುವುದು ಸಾಧ್ಯವೇ ಇಲ್ಲ. ಕರೆಂಟ್ ಹರಿಯುತ್ತಿರುವಾಗ ಎರಡು ತುದಿಗಳ ನಡುವೆ ವೋಲ್ಟೇಜ್ ಎಷ್ಟು ಬೀಳುತ್ತದೆ ಎಂದು ನೋಡುವ ವೋಲ್ಟೇಜ್ ಡ್ರಾಪ್ ಪರೀಕ್ಷೆಯೇ ಅದಕ್ಕೆ ತಕ್ಕದ್ದು, ಮತ್ತು ಆ ಪರೀಕ್ಷೆಗೆ 300 ರೂಪಾಯಿಯ ಮೀಟರ್ ದುಬಾರಿ ಮೀಟರಿನಷ್ಟೇ ಸಮರ್ಥವಾಗಿದೆ. ಮೀಟರಿನ ಜೊತೆ ಬಂದ ಹಾಳೆಯಲ್ಲಿ ಈ ಪರೀಕ್ಷೆಯ ಸುದ್ದಿಯೇ ಇಲ್ಲದಿರುವುದು ನನಗೆ ಬೇಸರ ತಂದಿದೆ.

ಕರಾವಳಿಯಲ್ಲಿ ಈ ಪರೀಕ್ಷೆಗೆ ಬೇರೆಡೆಗಿಂತ ಹೆಚ್ಚಿನ ಮಹತ್ವವಿದೆ ಎಂದು ನಾನು ಭಾವಿಸುತ್ತೇನೆ. ಸುರತ್ಕಲ್, ಪಣಂಬೂರು, ಕಾಪು, ಮಲ್ಪೆಯಂಥ ಕಡಲ ಬದಿಯ ಊರುಗಳಲ್ಲಿ ಉಪ್ಪಿನ ಅಂಶವಿರುವ ಗಾಳಿ ವರ್ಷವಿಡೀ ಬೀಸುತ್ತದೆ, ಜೂನಿನಿಂದ ಸೆಪ್ಟೆಂಬರಿನವರೆಗೆ ಲೋಹದ ಯಾವ ಸಂದಿಯೂ ಪೂರ್ತಿ ಒಣಗುವುದಿಲ್ಲ. ಉಪ್ಪು ಸೇರಿದ ತೇವ ವಿದ್ಯುತ್ತನ್ನು ಹಾಯಿಸುವುದರಿಂದ, ತಾಮ್ರ ಮತ್ತು ಕಬ್ಬಿಣದಂಥ ಎರಡು ಬೇರೆ ಲೋಹಗಳು ಕೂಡುವ ಜಾಗದಲ್ಲಿ ತುಕ್ಕು ಬೇಗ ಬೆಳೆಯುತ್ತದೆ. ನೀರು ನಿಂತ ರಸ್ತೆಗಳಲ್ಲಿ ಕಾರು ಸಾಗಿದಾಗ ಕೆಳಗಿನಿಂದ ಚಿಮ್ಮುವ ನೀರು ಅರ್ತ್ ಬೋಲ್ಟುಗಳಿಗೆ ನೇರವಾಗಿ ಬಡಿಯುತ್ತದೆ. ಬ್ಯಾಟರಿ ಟರ್ಮಿನಲ್ಲಿನ ಬಿಳಿ-ನೀಲಿ ಹೂವನ್ನು ಎಲ್ಲರೂ ಗಮನಿಸುತ್ತಾರೆ, ಬಿಸಿನೀರಿನಲ್ಲಿ ಅಡುಗೆ ಸೋಡಾ ಕದಡಿ ತೊಳೆಯುತ್ತಾರೆ. ಆದರೆ ಅದೇ ಕೇಬಲ್ಲಿನ ಇನ್ನೊಂದು ತುದಿಯನ್ನು ನೋಡುವವರು ಕಡಿಮೆ.

ಇದೇ ವಿಧಾನ ಸಣ್ಣ ದೋಷಗಳಿಗೂ ಒದಗಿತು. ಆಟಿಯ (ಜುಲೈ-ಆಗಸ್ಟಿನ ತುಳು ತಿಂಗಳು) ಮಳೆಯಲ್ಲಿ ನಮ್ಮ ಕಾರಿನ ಎಡಗಡೆಯ ಹೆಡ್‌ಲೈಟ್ ಬಲಗಡೆಯದಕ್ಕಿಂತ ಮಂಕಾಗಿ ಉರಿಯತೊಡಗಿದಾಗ, ಎಂಜಿನ್ ಚಾಲೂ ಇಟ್ಟು ದೀಪ ಉರಿಯುತ್ತಿರುವಂತೆಯೇ ಕಪ್ಲರಿನ (ತಂತಿಗಳನ್ನು ಬಲ್ಬಿಗೆ ಕೂಡಿಸುವ ಪ್ಲಗ್ಗಿನ) ಹಿಂಬದಿಯಿಂದ ಪ್ರೋಬ್ ತೂರಿಸಿ ಅಳೆದೆ, ಬಲಕ್ಕೆ 13.6, ಎಡಕ್ಕೆ 12.1 ಸಿಗುತ್ತಿತ್ತು. ಒಂದೂವರೆ ವೋಲ್ಟ್ ಕಡಿಮೆ ಎಂದರೆ ಅಲ್ಪವೆಂದು ತೋರಬಹುದು, ಆದರೆ ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಗ್ಗುವುದರಿಂದ ಕಣ್ಣಿಗೆ ದೊಡ್ಡ ವ್ಯತ್ಯಾಸವೇ ಕಾಣುತ್ತದೆ. ಅರ್ತ್ ತಂತಿಯ ಕಡೆ ಅಳೆದಾಗ ಕಳೆದುಹೋದ ಆ ಒಂದೂವರೆ ವೋಲ್ಟ್ ಅಲ್ಲಿ ಸಿಕ್ಕಿತು. ಮಗಳ ಸ್ಕೂಟರಿನ ಹಾರ್ನ್ ಕ್ಷೀಣವಾಗಿದ್ದಾಗ ಬಟನ್ ಒತ್ತಿಹಿಡಿದು ಹಾರ್ನಿನ ಎರಡು ಪಿನ್ನುಗಳ ಮೇಲೆ ಅಳೆದರೆ 8 ವೋಲ್ಟಿನ ಆಸುಪಾಸು, ಬ್ಯಾಟರಿಯ ಮೇಲೆ 12.3; ದೋಷ ಹ್ಯಾಂಡಲ್ಲಿನ ಸ್ವಿಚ್ಚಿನೊಳಗಿನ ಕಿಲುಬಿನಲ್ಲಿತ್ತು. ಸ್ಕೂಟರಿನ ಇಂಡಿಕೇಟರ್ ಒಂದು ಬದಿಗೆ ಮಾತ್ರ ಅವಸರವಾಗಿ ಮಿಣುಕಿದರೆ ಆ ಬದಿಯ ಒಂದು ಬಲ್ಬ್ ಹೋಗಿರುವ ಸಂಭವವೇ ಹೆಚ್ಚು, ಅದಕ್ಕೆ ಮೀಟರ್ ಬೇಕಾಗಿಯೇ ಇಲ್ಲ.

ಮೀಟರಿನ ಅತಿದೊಡ್ಡ ದೋಷಕ್ಕೆ ಈಗ ಬರುತ್ತೇನೆ. ಇದರಲ್ಲಿ 10 ಆಂಪಿಯರ್ ಎಂದು ಬರೆದಿರುವ ಮೂರನೆಯ ರಂಧ್ರವೊಂದಿದೆ, ಮತ್ತು ಅದಕ್ಕೆ ಒಳಗೆ ಫ್ಯೂಸ್ ಇಲ್ಲವೆಂದು ಪಕ್ಕದಲ್ಲಿಯೇ ಸಣ್ಣ ಅಕ್ಷರಗಳಲ್ಲಿ ಬರೆದಿದೆ. ಕೆಂಪು ತಂತಿಯನ್ನು ಆ ರಂಧ್ರದಲ್ಲಿ ಮರೆತುಬಿಟ್ಟು ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೆ ಪ್ರೋಬ್ ಮುಟ್ಟಿಸಿದರೆ ಅದು ಬ್ಯಾಟರಿಯನ್ನು ನೇರವಾಗಿ ಶಾರ್ಟ್ ಮಾಡಿದಂತೆಯೇ; ತಂತಿಯ ಹೊದಿಕೆ ಕ್ಷಣಮಾತ್ರದಲ್ಲಿ ಕರಗಿ ಕೈ ಸುಡುತ್ತದೆ, ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೊರಬೀಳುವ ಹೈಡ್ರೋಜನ್ ಅನಿಲಕ್ಕೆ ಕಿಡಿ ತಗುಲುವ ಸಾಧ್ಯತೆಯೂ ಇದೆ. ಈ ಒಂದು ಕಾರಣಕ್ಕೆ ನಾನು ಆ ರಂಧ್ರವನ್ನು ಇನ್ಸುಲೇಶನ್ ಟೇಪಿನಿಂದ ಮುಚ್ಚಿದ್ದೇನೆ, ಕೊಳ್ಳುವ ಎಲ್ಲರೂ ಮನೆಗೆ ತಂದ ದಿನವೇ ಹಾಗೆ ಮಾಡಬೇಕೆಂದು ಕಳಕಳಿಯಿಂದ ಹೇಳುತ್ತೇನೆ.

ಹಾಗಾದರೆ ನಿಲ್ಲಿಸಿಟ್ಟ ಕಾರಿನ ಬ್ಯಾಟರಿ ತಾನಾಗಿ ಖಾಲಿಯಾಗುವ ದೋಷವನ್ನು ಹುಡುಕುವುದು ಹೇಗೆ ಎಂಬ ಪ್ರಶ್ನೆ ಬರುತ್ತದೆ, ಏಕೆಂದರೆ ಅದಕ್ಕೆ ಆಂಪಿಯರ್ ಅಳೆಯಬೇಕು. ನೆರೆಮನೆಯವರ ಕಾರು ನಾಲ್ಕೈದು ದಿನ ನಿಂತರೆ ಬ್ಯಾಟರಿ ಡೌನ್ ಆಗುತ್ತಿತ್ತು. ಬಂಧುಗಳು ತೋರಿಸಿಕೊಟ್ಟ ಉಪಾಯವನ್ನು ಅಲ್ಲಿ ಬಳಸಿದೆವು. ಕಾರುಗಳಲ್ಲಿರುವ ಚಪ್ಪಟೆ ಫ್ಯೂಸುಗಳ ತಲೆಯ ಮೇಲೆ ಪ್ಲಾಸ್ಟಿಕ್ಕಿನ ನಡುವೆ ಎರಡು ಪುಟ್ಟ ಲೋಹದ ಚುಕ್ಕೆಗಳು ಕಾಣುತ್ತವೆ. ಫ್ಯೂಸನ್ನು ಕೀಳದೆಯೇ ಅವುಗಳ ಮೇಲೆ ಪ್ರೋಬ್ ಇಡಬಹುದು. ಫ್ಯೂಸಿಗೂ ಒಂದಿಷ್ಟು ರೋಧವಿರುವುದರಿಂದ, ಅದರ ಮೂಲಕ ಕರೆಂಟ್ ಹರಿಯುತ್ತಿದ್ದರೆ ಆ ಎರಡು ಚುಕ್ಕೆಗಳ ನಡುವೆ ಕೆಲವು ಮಿಲಿವೋಲ್ಟ್ ಕಾಣಿಸಿಕೊಳ್ಳುತ್ತದೆ, ಹರಿಯದಿದ್ದರೆ ಸೊನ್ನೆ. ಗುಂಡಿಯನ್ನು 200 ಮಿಲಿವೋಲ್ಟಿಗೆ ಇಟ್ಟರೆ ಈ ಮೀಟರ್ 0.1 ಮಿಲಿವೋಲ್ಟಿನವರೆಗೆ ತೋರಿಸುತ್ತದೆ. ಕೀ ದೂರವಿಟ್ಟು, ಬಾಗಿಲುಗಳನ್ನು ಹಾಕಿ, ಕಾರಿನ ಕಂಪ್ಯೂಟರುಗಳು ಮಲಗಲು ಅರ್ಧ ಗಂಟೆ ಕಾದು, ಒಂದೊಂದೇ ಫ್ಯೂಸಿನ ಮೇಲೆ ಪ್ರೋಬ್ ಇಡುತ್ತಾ ಹೋದಾಗ ಕೆಂಪು ಬಣ್ಣದ 10 ಆಂಪಿಯರ್ ಫ್ಯೂಸೊಂದರ ಮೇಲೆ 3.1 ಮಿಲಿವೋಲ್ಟ್ ಕಂಡಿತು. ಅಂಥ ಫ್ಯೂಸಿಗೆ ಇದು ಸುಮಾರು 0.4 ಆಂಪಿಯರಿಗೆ ಸಮ, ಅಂದರೆ 5 ವಾಟಿನ ಒಂದು ಬಲ್ಬ್ ಎಲ್ಲೋ ಉರಿಯುತ್ತಿರಬೇಕು. ಡಿಕ್ಕಿಯೊಳಗೆ ಮೊಬೈಲ್ ಇಟ್ಟು ವಿಡಿಯೊ ಚಾಲೂ ಮಾಡಿ ಮುಚ್ಚಿ ತೆರೆದು ನೋಡಿದರೆ, ಮುಚ್ಚಿದ ಮೇಲೂ ಒಳಗಿನ ದೀಪ ಆರಿರಲಿಲ್ಲ. ಅದರ ಸ್ವಿಚ್ಚು ತುಕ್ಕು ಹಿಡಿದು ಅಂಟಿಕೊಂಡಿತ್ತು. 45 ಆಂಪಿಯರ್-ಗಂಟೆಯ ಬ್ಯಾಟರಿಗೆ 0.4 ಆಂಪಿಯರಿನ ಸೋರಿಕೆ ಇದ್ದರೆ ಅದು ಐದು ದಿನವೂ ತಾಳದು. ಕಾರು ಮಲಗಿದ ಮೇಲೆ ಒಟ್ಟು 50 ಮಿಲಿ ಆಂಪಿಯರ್ ಮೀರಬಾರದು ಎಂಬುದು ವಾಡಿಕೆಯ ಲೆಕ್ಕ.

ಇತರ ಕೊರತೆಗಳು ಇಷ್ಟು ಗಂಭೀರವಲ್ಲ. ಜೊತೆಗೆ ಬಂದ ತಂತಿಗಳು ತೀರ ತೆಳ್ಳಗಿದ್ದು, ನಾಲ್ಕನೆಯ ತಿಂಗಳಲ್ಲಿ ಕಪ್ಪು ತಂತಿ ಪ್ರೋಬಿನ ಬುಡದಲ್ಲಿ ಒಳಗೇ ತುಂಡಾಗಿ ಅಂಕಿಗಳು ಕುಣಿಯತೊಡಗಿದವು. ಕಾರಿನಲ್ಲಿ ದೋಷವಿದೆ ಎಂದು ಒಂದು ಸಂಜೆ ಪೂರ್ತಿ ಹುಡುಕಿದ ಮೇಲೆ ಅದು ತಿಳಿಯಿತು. ಅಂದಿನಿಂದ ಅಳತೆ ಆರಂಭಿಸುವ ಮೊದಲು ಎರಡು ಪ್ರೋಬ್‌ಗಳನ್ನು ಮುಟ್ಟಿಸಿ, ತಂತಿಗಳನ್ನು ಅಲ್ಲಾಡಿಸಿ ನೋಡುತ್ತೇನೆ. ಬೇರೆಯಾಗಿ ಕೊಂಡ ದಪ್ಪ ತಂತಿಗಳು ಮತ್ತು ಮೊಸಳೆ ಕ್ಲಿಪ್ಪುಗಳಿಂದ ಕೆಲಸ ಎಷ್ಟೋ ಸುಲಭವಾಗಿದೆ, ಏಕೆಂದರೆ ಒಂದು ತುದಿಯನ್ನು ಕ್ಲಿಪ್ಪಿಗೆ ಕಚ್ಚಿಸಿಟ್ಟರೆ ಒಂದು ಕೈ ಬಿಡುವಾಗುತ್ತದೆ. ಪರದೆಗೆ ಬೆಳಕಿಲ್ಲದಿರುವುದು ಮಳೆಗಾಲದ ಸಂಜೆಗಳಲ್ಲಿ ತೊಂದರೆ ಕೊಡುತ್ತದೆ. ಮೀಟರ್ ತಾನಾಗಿ ಆರುವುದಿಲ್ಲ. ನಾವು ಮರೆತರೆ ಒಳಗಿನ ಸೆಲ್ ಮುಗಿಯುತ್ತದೆ.

ಕೂಳೂರು ಕಡೆ ಹೆದ್ದಾರಿ ಬದಿಯಲ್ಲಿ ಮೂವತ್ತು ವರ್ಷಗಳಿಂದ ಆಟೋ ಇಲೆಕ್ಟ್ರಿಷಿಯನ್ ಆಗಿರುವ ಹಿರಿಯರೊಬ್ಬರು ನನ್ನ ಮೀಟರನ್ನು ಕೈಯಲ್ಲಿ ಹಿಡಿದು ನೋಡಿ, "ಇದು ಬೇಕು ಅಕ್ಕ, ಆದ್ರೆ ಇದೊಂದನ್ನೇ ನಂಬ್ಬೇಡಿ" ಎಂದು ತಮ್ಮ ಟೆಸ್ಟ್ ಲ್ಯಾಂಪನ್ನು ತೋರಿಸಿದರು. 12 ವೋಲ್ಟಿನ ಒಂದು ಬಲ್ಬ್, ಒಂದು ಸೂಜಿ ಮೊನೆ, ಒಂದು ಕ್ಲಿಪ್ ಇಷ್ಟೇ ಇರುವ ಆ ಉಪಕರಣದ ಬೆಲೆ ಮೀಟರಿಗಿಂತಲೂ ಕಡಿಮೆ. ಅವರು ಹೇಳಿದ್ದರಲ್ಲಿ ತಿರುಳಿದೆ. ಮೀಟರ್ ತಾನು ಅಳೆಯುವ ತಂತಿಯಿಂದ ಬಹುತೇಕ ಏನೂ ಕರೆಂಟ್ ಎಳೆಯದಿರುವುದರಿಂದ, ಕಿಲುಬು ಹಿಡಿದ ತಂತಿಯ ತುದಿಯಲ್ಲಿಯೂ ಅದು 12 ವೋಲ್ಟನ್ನೇ ತೋರಿಸಿಬಿಡುತ್ತದೆ; ಬಲ್ಬ್ ಮಾತ್ರ ಕರೆಂಟ್ ಎಳೆದು, ಉರಿಯದೆ ಅಥವಾ ಮಂಕಾಗಿ ಉರಿದು ಸತ್ಯ ಹೇಳುತ್ತದೆ. ಫ್ಯೂಸ್, ದೀಪ, ಹಾರ್ನುಗಳಿಗೆ ಟೆಸ್ಟ್ ಲ್ಯಾಂಪ್ ಬೇಗನೆ ಉತ್ತರ ಕೊಡುತ್ತದೆ. ಬ್ಯಾಟರಿ, ಚಾರ್ಜಿಂಗ್, ಅರ್ತ್ ಇವುಗಳಿಗೆ ಅಂಕಿಯೇ ಬೇಕು. ಎಂಜಿನ್ನಿನ ಕಂಪ್ಯೂಟರ್ ಮತ್ತು ಅದರ ಸೆನ್ಸರ್ ತಂತಿಗಳಿಗೆ ಬಲ್ಬ್ ಇರುವ ಲ್ಯಾಂಪನ್ನು ಮುಟ್ಟಿಸಲೇಬಾರದು, ಅದು ಎಳೆಯುವ ಕರೆಂಟಿಗೆ ಅವು ಸುಟ್ಟುಹೋಗಬಹುದು. ಏರ್‌ಬ್ಯಾಗಿನ ಹಳದಿ ಬಣ್ಣದ ಕಪ್ಲರುಗಳಿಗೆ ಮೀಟರನ್ನೂ ಹಚ್ಚಬಾರದು. ಹೈಬ್ರಿಡ್ ಮತ್ತು ಇಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಅವುಗಳ ಹತ್ತಿರಕ್ಕೂ ಈ ಮೀಟರನ್ನು ಕೊಂಡೊಯ್ಯಬಾರದು.

ಇಂದು ಹೊಸದಾಗಿ ಕೊಳ್ಳುವವರು ನನ್ನ ಅಭಿಪ್ರಾಯ ಕೇಳಿದರೆ, ಸ್ವಂತದ ಒಂದು ಕಾರು ಅಥವಾ ಸ್ಕೂಟರ್ ಮಾತ್ರ ಇರುವವರು ಇದನ್ನೇ ಕೊಂಡು, ಉಳಿದ ಹಣದಲ್ಲಿ ಒಳ್ಳೆಯ ತಂತಿಗಳನ್ನೂ ಒಂದು ಟೆಸ್ಟ್ ಲ್ಯಾಂಪನ್ನೂ ಕೊಳ್ಳಲಿ ಎಂದು ಹೇಳುತ್ತೇನೆ. ಪದೇ ಪದೇ ಬ್ಯಾಟರಿ ಖಾಲಿಯಾಗುವ ಸಮಸ್ಯೆ ಇದ್ದವರಿಗೆ ಮತ್ತು ಕೆಲಸವನ್ನು ಮುಂದುವರಿಸುವ ಆಸಕ್ತಿ ಇದ್ದವರಿಗೆ ಡಿಸಿ ಆಂಪಿಯರ್ ಅಳೆಯುವ ಕ್ಲ್ಯಾಂಪ್ ಮೀಟರ್ ಹೆಚ್ಚು ಯೋಗ್ಯ. ಅದನ್ನು ಕೇಬಲ್ಲಿನ ಸುತ್ತ ಹಿಡಿದರೆ ಸಾಕು, ಏನನ್ನೂ ಬಿಚ್ಚಬೇಕಾಗಿಲ್ಲ, ಶಾರ್ಟ್ ಆಗುವ ಭಯವೂ ಇಲ್ಲ. ಆದರೆ ಅಗ್ಗದ ಹಲವು ಕ್ಲ್ಯಾಂಪ್ ಮೀಟರುಗಳು ಮನೆಯ ಎಸಿ ಕರೆಂಟನ್ನು ಮಾತ್ರ ಅಳೆಯುತ್ತವೆ, ಕಾರಿಗೆ ಅವು ನಿರುಪಯೋಗಿ. ಅಂಗಡಿಯಲ್ಲಿ ಡಿಸಿ ಆಂಪಿಯರಿನ ಗುರುತು ಇದೆಯೇ ಎಂದು ಕೇಳಿ, ನೋಡಿ ಕೊಳ್ಳಬೇಕು.

ಯಾವ ಮೀಟರ್ ಆದರೂ ಅದರ ಒಳಗಿನ ಸೆಲ್ಲಿನ ಮೇಲೆ ಒಂದು ಕಣ್ಣಿರಬೇಕು. ಸೆಲ್ ಬಳಲಿದಾಗ ಪರದೆಯ ಮೂಲೆಯಲ್ಲಿ ಬ್ಯಾಟರಿಯ ಸಣ್ಣ ಚಿತ್ರ ಮೂಡುತ್ತದೆ, ಅದನ್ನು ಲಕ್ಷಿಸದೆ ಅಳೆದರೆ ಅಂಕಿಗಳು ತಪ್ಪಾಗುತ್ತವೆ. ನನ್ನ ಮೀಟರ್ ಮಾರ್ಚಿನಲ್ಲಿ ನಿಂತ ಕಾರಿನ ಬ್ಯಾಟರಿಗೆ 13.9 ಎಂದು ತೋರಿಸಿದ್ದು ಹಾಗೆಯೇ. ಸೆಲ್ ಬದಲಿಸಿದ ಮೇಲೆ ಅದೇ ಬ್ಯಾಟರಿ 12.5 ಎಂದಿತು. ಈಗ ಮೀಟರನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಹೊಸ ಚಪ್ಪಲಿಯ ಪೆಟ್ಟಿಗೆಯಿಂದ ತೆಗೆದ ಎರಡು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟಿದ್ದೇನೆ. ಬಳಸದ ದಿನಗಳಲ್ಲಿ ಸೆಲ್ಲನ್ನು ಹೊರತೆಗೆದು ಪಕ್ಕದಲ್ಲಿಡುತ್ತೇನೆ.